ಲ್ಯಾಬಿನ ಬೀಗದ ಕೈ ಯಾರ ಹತ್ತಿರ? ದಾವಣಗೆರೆಯ ಒಂದು ಪ್ರಕರಣ

ಓದಿದ ಕಾಲೇಜಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ಎಂಜಿನಿಯರುಗಳಿಗೆ ಹುಟ್ಟುವುದು ಸಾಮಾನ್ಯವಾಗಿ ಕೆಲಸಕ್ಕೆ ಸೇರಿ ಹತ್ತು ಹದಿನೈದು ವರ್ಷವಾದ ಮೇಲೆ. ಮನೆ ಸಾಲ ಅರ್ಧ ತೀರಿರುತ್ತದೆ, ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸಮ್ಮಿಲನದ ಮಾತು ಎದ್ದಿರುತ್ತದೆ, ಆಫೀಸಿನಲ್ಲಿ ಹಳೆಯ ಸಾಮಾನು ಗುಜರಿಗೆ ಹೋಗುವುದು ಕಣ್ಣಿಗೆ ಬಿದ್ದಿರುತ್ತದೆ. ಮೂರೂ ಕೂಡಿದಾಗ ಕಾಲೇಜಿನ ಗೇಟಿಗೆ ಒಂದು ಲಾರಿ ಬರುತ್ತದೆ. ಆಮೇಲೆ ಆಗುವುದೇ ಈ ಪ್ರಕರಣದ ವಿಷಯ.

ದಾವಣಗೆರೆಯಲ್ಲಿ ಇಂಥ ಹಳೆಯ ವಿದ್ಯಾರ್ಥಿಗಳಿಗೆ ಬರವಿಲ್ಲ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಿಡಿಟಿ ಶುರುವಾದದ್ದು 1951ರಲ್ಲಿ, ಬಿಐಇಟಿ 1979ರಲ್ಲಿ. ಹತ್ತಿ ಗಿರಣಿಗಳ ಊರು ಕಾಲೇಜುಗಳ ಊರಾಗುವಷ್ಟರಲ್ಲಿ ಇಲ್ಲಿಂದ ಹೊರಟವರು ಪೀಣ್ಯ, ಪುಣೆ, ಗಲ್ಫ್ ಎಲ್ಲೆಡೆ ಹರಡಿಕೊಂಡಿದ್ದಾರೆ. ಇಲ್ಲಿ ಬರುವ ಪದವೀಧರೆ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ, ಕಾಲೇಜೂ ಯಾವುದೋ ಒಂದಲ್ಲ. ಇಂಥ ಲ್ಯಾಬುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಎಳೆಯಲ್ಲಿ ಕಟ್ಟಿದ ಮಾದರಿ ಪ್ರಕರಣ ಇದು. ಹಣದ ಮೊತ್ತಗಳನ್ನು ಅಂದಾಜು ಎಂದೇ ತಿಳಿಯಬೇಕು.

ಪದವೀಧರೆ

ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿದ ಈಕೆಗೆ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗಲಿಲ್ಲ. ಪೀಣ್ಯದ ಒಂದು ಸಣ್ಣ ಪ್ಯಾನಲ್ ತಯಾರಿಕಾ ಘಟಕದಲ್ಲಿ ಟ್ರೈನಿ ಆಗಿ ಸೇರಿದಳು. ಮೊದಲ ಎರಡು ವರ್ಷ ತಂತಿಯ ತುದಿಗೆ ಫೆರೂಲ್ ಹಾಕುವುದು, ಲಗ್ ಕ್ರಿಂಪ್ ಮಾಡುವುದು, ಡ್ರಾಯಿಂಗ್ ಹಿಡಿದು ತಂತಿಗಳ ಕಂಟಿನ್ಯುಟಿ ನೋಡುವುದು. ಜೊತೆಗೆ ಓದಿದವರು ಸಾಫ್ಟ್‌ವೇರಿಗೆ ಹೋಗಿ ಎರಡು ಪಟ್ಟು ಸಂಬಳ ಎಣಿಸುತ್ತಿದ್ದ ಕಾಲ ಅದು. ಮುಂದಿನ ನಾಲ್ಕು ವರ್ಷ ಸೈಟುಗಳಲ್ಲಿ ಕಮಿಷನಿಂಗ್, ಅಂದರೆ ಹೊಸ ಯಂತ್ರಗಳನ್ನು ಚಾಲೂ ಮಾಡಿಸುವ ಕೆಲಸ: ಸಕ್ಕರೆ ಕಾರ್ಖಾನೆ, ಸಿಮೆಂಟು, ನೀರಿನ ಪಂಪ್‌ಹೌಸು. ಅಲ್ಲಿಂದ ಡ್ರೈವ್ (ಮೋಟರಿನ ವೇಗ ಹತೋಟಿಯಲ್ಲಿಡುವ ಉಪಕರಣ) ಅಪ್ಲಿಕೇಶನ್ ಎಂಜಿನಿಯರ್, ಹದಿನೈದನೇ ವರ್ಷಕ್ಕೆ ಕಂಟ್ರೋಲ್ಸ್ ತಂಡದ ಮುಖ್ಯಸ್ಥೆ.

ಈ ಏಣಿಯಲ್ಲಿ ಗಮನಿಸಬೇಕಾದದ್ದು ಕೆಳಗಿನ ಮೆಟ್ಟಿಲು. ಕಾರ್ಖಾನೆಯ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಗೆ ಪ್ರೋಗ್ರಾಮ್ ಬರೆಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ರಾತ್ರಿ ಎರಡು ಗಂಟೆಗೆ ನಿಂತುಹೋದ ಲೈನಿನ ಮುಂದೆ ಮಲ್ಟಿಮೀಟರ್ ಹಿಡಿದು, ತೊಂದರೆ ಪ್ರೋಗ್ರಾಮಿನಲ್ಲಿದೆಯೋ ತಂತಿಯಲ್ಲಿದೆಯೋ ಎಂದು ಇಪ್ಪತ್ತು ನಿಮಿಷದಲ್ಲಿ ಹೇಳುವವರು ಕಡಿಮೆ. ಆಕೆ ಮೇಲೇರಿದ್ದು ಆ ಕೌಶಲದಿಂದ. ಕಾಲೇಜಿಗೆ ಕೊಡಬೇಕಾದದ್ದೂ ಅದನ್ನೇ ಎಂದು ಹೊಳೆಯಲು ಮಾತ್ರ ಒಂದು ಲಾರಿ ಸಾಮಾನು ದಂಡವಾಗಬೇಕಾಯಿತು.

ಮೊದಲ ಲಾರಿ

ಕಂಪನಿಯೊಂದು ಹಳೆಯ ಲೈನ್ ಬಿಚ್ಚಿದಾಗ ಉಳಿದ ನಾಲ್ಕು ಪಿಎಲ್‌ಸಿ ರ‍್ಯಾಕ್, ಮೂರು ಫೇಸಿನ ಐದು ಡ್ರೈವ್, ಒಂದು ರಾಶಿ ಸೆನ್ಸರ್. ಅನುಮತಿ ಪತ್ರ ಮಾಡಿಸಿ, ಲಾರಿ ಬಾಡಿಗೆ ಕೈಯಿಂದ ಕೊಟ್ಟು ಕಾಲೇಜಿಗೆ ಕಳಿಸಿದ್ದಾಯಿತು. ಶಾಲು, ಹಾರ, ಫೋಟೋ ಎಲ್ಲವೂ ಆಯಿತು. ಮೂರು ವರ್ಷದ ನಂತರ ನೋಡಿದರೆ ಸಾಮಾನು ಟಾರ್ಪಾಲಿನ ಕೆಳಗೇ ಇತ್ತು.

ಕಾಲೇಜಿನವರು ಸೋಮಾರಿಗಳು ಎಂದುಬಿಡುವುದು ಸುಲಭ. ಕಾರಣ ಅಲ್ಲಿರಲಿಲ್ಲ. ರ‍್ಯಾಕ್‌ಗಳಲ್ಲಿದ್ದ ಪ್ರೋಗ್ರಾಮ್ ಬ್ಯಾಟರಿ ಆಧಾರದ ಮೆಮೊರಿಯಲ್ಲಿತ್ತು. ಬ್ಯಾಟರಿ ಸತ್ತಿತು, ಪ್ರೋಗ್ರಾಮ್ ಅಳಿಸಿಹೋಯಿತು. ಹೊಸದು ಬರೆಯಲು ಬೇಕಾದ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಅದರ ಲೈಸೆನ್ಸ್ ಇದ್ದದ್ದು ಹಳೆಯ ಕಂಪನಿಯ ಒಂದು ಲ್ಯಾಪ್‌ಟಾಪಿನಲ್ಲಿ. ಕೇಬಲ್ ಸೀರಿಯಲ್ ಪೋರ್ಟಿನದು. ಲ್ಯಾಬಿನ ಕಂಪ್ಯೂಟರುಗಳಿಗೆ ಆ ಪೋರ್ಟೇ ಇರಲಿಲ್ಲ.

ಡ್ರೈವ್‌ಗಳದ್ದು ಇನ್ನೂ ಅಪಾಯದ ಕಥೆ. ಡ್ರೈವಿನೊಳಗೆ ವಿದ್ಯುತ್ತನ್ನು ಹಿಡಿದಿಡುವ ಡಿಸಿ ಭಾಗದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಅಂಥದ್ದಕ್ಕೆ ಒಮ್ಮೆಲೇ 415 ವೋಲ್ಟ್ ಕೊಟ್ಟರೆ ಸೋರಿಕೆ ಕರೆಂಟ್ ಏರಿ ಕೆಪಾಸಿಟರ್ ಒಡೆಯಬಹುದು. ಮಾಡಬೇಕಾದದ್ದು ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿ ಇಡುವ ಟ್ರಾನ್ಸ್‌ಫಾರ್ಮರ್) ಇಟ್ಟು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು: ಎರಡು ಮೂರು ವರ್ಷ ಇಟ್ಟದ್ದಾದರೆ ಸಾಮಾನ್ಯವಾಗಿ ಶೇ. 25, 50, 75, 100ರಲ್ಲಿ ತಲಾ ಅರ್ಧ ಗಂಟೆ, ಮೂರು ವರ್ಷ ಮೀರಿದ್ದಕ್ಕೆ ತಲಾ ಎರಡು ಗಂಟೆಯವರೆಗೆ. ನಿಖರವಾದ ಅವಧಿಗೆ ಆಯಾ ಡ್ರೈವಿನ ಕೈಪಿಡಿಯೇ ಪ್ರಮಾಣ. ಯಾರಿಗೂ ಇದು ತಿಳಿದಿರಲಿಲ್ಲ. ಒಂದು ಡ್ರೈವ್ ಆನ್ ಮಾಡಿದ ದಿನವೇ ಢಂ ಎಂದಿತು. ಅಂದೇ ಇನ್‌ಸ್ಟ್ರಕ್ಟರ್ ಉಳಿದವನ್ನು ಟಾರ್ಪಾಲಿನಿಂದ ಮುಚ್ಚಿ, ಕೋಣೆಗೆ ಬೀಗ ಹಾಕಿದರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಅದೇ ಕಾಲೇಜಿನ ವರ್ಕ್‌ಶಾಪಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು ಇವತ್ತಿಗೂ ತಿರುಗುತ್ತಿವೆ. ಮಾಡಿದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು, ಲೇತಿಗೆ ಅದರ ಚಿಂತೆಯಿಲ್ಲ. ಎಣ್ಣೆ, ಬೆಲ್ಟು, ಬೇರಿಂಗು ಪೇಟೆಯಲ್ಲೇ ಸಿಗುತ್ತವೆ, ಬಿಚ್ಚಿ ಜೋಡಿಸಬಲ್ಲ ಕೈ ಊರಲ್ಲೇ ಇದೆ. ದಾನದ ಯಂತ್ರ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೇ: ಇದು ಕೆಟ್ಟರೆ ದಾವಣಗೆರೆಯಲ್ಲಿ ಸರಿಹೋಗುತ್ತದೆಯೇ?

ಎರಡನೇ ಸಲ

ಈ ಸಲ ಲಾರಿ ಇಲ್ಲ, ಮೊದಲು ಕಾಗದ. 60 ವಿದ್ಯಾರ್ಥಿಗಳ ಎರಡು ಸೆಕ್ಷನ್, 20ರ ಬ್ಯಾಚು, ಅಂದರೆ ವಾರಕ್ಕೆ ಆರು ಬ್ಯಾಚಿಗೆ ತಲಾ ಎರಡು ಗಂಟೆ. ಆರು ಬೆಂಚು ಇದ್ದರೆ ಬೆಂಚಿಗೆ ಮೂವರು, ಕೆಲವಕ್ಕೆ ನಾಲ್ವರು. ಐದನೆಯವನು ಬಂದರೆ ಅವನು ಮೊಬೈಲ್ ನೋಡುತ್ತಾನೆ. ಬೆಂಚುಗಳ ಸಂಖ್ಯೆ ಹೀಗೆ ಟೈಮ್‌ಟೇಬಲಿನಿಂದ ಬರಬೇಕು, ಕೈಯಲ್ಲಿರುವ ಹಣದಿಂದಲ್ಲ.

ಒಂದು ಬೆಂಚಿನಲ್ಲಿ 14 ಇನ್‌ಪುಟ್, 10 ಔಟ್‌ಪುಟ್ ಇರುವ ಸಣ್ಣ ಪಿಎಲ್‌ಸಿ, 4.3 ಇಂಚಿನ ಎಚ್‌ಎಂಐ (ಯಂತ್ರಕ್ಕೆ ಆದೇಶ ಕೊಡುವ ಪರದೆ), 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಕೆಯ ಘಟಕ), ಸಿಂಗಲ್ ಫೇಸ್ 230 ವೋಲ್ಟ್ ಒಳಹರಿವಿನ 0.37 ಕಿಲೋವ್ಯಾಟ್ ಡ್ರೈವ್, ಅದಕ್ಕೊಂದು ಅರ್ಧ ಎಚ್‌ಪಿ ಮೋಟರು, ಕಾಂಟ್ಯಾಕ್ಟರು, ಓವರ್‌ಲೋಡ್ ರಿಲೇ, ಎರಡು ಇಂಡಕ್ಟಿವ್ ಸೆನ್ಸರ್, ಒಂದು ಫೋಟೋ ಸೆನ್ಸರ್, ಗಾಳಿಯ ದಾರಿ ಬದಲಿಸುವ ಒಂದು 5/2 ಸೊಲೆನಾಯ್ಡ್ ವಾಲ್ವ್, 20 ಮಿಮೀ ಬೋರಿನ ಗಾಳಿ ಸಿಲಿಂಡರ್. ಜೊತೆಗೆ ಕೆಂಪು ಎಮರ್ಜೆನ್ಸಿ ಸ್ಟಾಪ್ ಮತ್ತು ಬೆಂಚು ಎಷ್ಟು ಗಂಟೆ ಓಡಿತೆಂದು ಎಣಿಸುವ ಒಂದು ಅವರ್ ಮೀಟರ್. ಫ್ರೇಮು, ವೈರಿಂಗು ಸೇರಿ ಬೆಂಚಿಗೆ ಸುಮಾರು 60,000 ರೂಪಾಯಿ. ಪಿಎಲ್‌ಸಿ ಆರಿಸಿದ್ದು ಒಂದೇ ಮಾನದಂಡದ ಮೇಲೆ: ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಉಚಿತವಾಗಿರಬೇಕು, ವಿದ್ಯಾರ್ಥಿ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಮನೆಯಲ್ಲೂ ಸಿಮ್ಯುಲೇಟ್ ಮಾಡುವಂತಿರಬೇಕು. ದುಬಾರಿ ಬ್ರಾಂಡ್ ಇದ್ದರೆ ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ವಾದ ಕಾಲೇಜಿನಲ್ಲಿ ಬಂತು. ಪಿಎಲ್‌ಸಿಯ ಲ್ಯಾಡರ್ ಭಾಷೆ ಕಲಿತವನು ಇನ್ನೊಂದು ಬ್ರಾಂಡಿಗೆ ಒಂದು ವಾರದಲ್ಲಿ ಒಗ್ಗುತ್ತಾನೆ. ಲೈಸೆನ್ಸ್ ಮುಗಿದ ಕಂಪ್ಯೂಟರಿನ ಮುಂದೆ ಕೂತವನು ಏನನ್ನೂ ಕಲಿಯುವುದಿಲ್ಲ.

ಒಟ್ಟು ಲೆಕ್ಕ 6.4 ಲಕ್ಷ. ಬೆಂಚುಗಳಿಗೆ 3.6, ಟೇಬಲು, ಕಂಪ್ರೆಸರು, ವಿದ್ಯುತ್ ಸಂಪರ್ಕಕ್ಕೆ 0.9, ಇಬ್ಬರು ಸಿಬ್ಬಂದಿಯ ತರಬೇತಿಗೆ 0.4, ಮೂರು ವರ್ಷದ ನಿರ್ವಹಣೆಗೆ ವರ್ಷಕ್ಕೆ 50,000ದಂತೆ 1.5. ಆಕೆ ಕೊಟ್ಟದ್ದು 2.5 ಲಕ್ಷ, ಬ್ಯಾಚಿನ 31 ಮಂದಿ ಸೇರಿ 2.9, ಉಳಿದ ಒಂದು ಲಕ್ಷ ಕಾಲೇಜಿನದು. ಆ ಒಂದು ಲಕ್ಷ ದೊಡ್ಡ ಮೊತ್ತವಲ್ಲ, ಆದರೆ ಬೇಕೇ ಬೇಕು. ತಾನೂ ಹಣ ಹಾಕಿದ ಕೋಣೆಯನ್ನು ಯಾವ ವಿಭಾಗವೂ ಉತ್ತರ ಪತ್ರಿಕೆಗಳ ಗಂಟು ಇಡಲು ಬಿಟ್ಟುಕೊಡುವುದಿಲ್ಲ.

ದುಡ್ಡು ಹೋಗುವ ದಾರಿ

ಇಲ್ಲಿ ಮೂರು ಕಡೆ ಎಡವುತ್ತಾರೆ. ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ (1961ರ ಕಾಯ್ದೆಯಲ್ಲಿ 80ಜಿ) ಸಿಗುವುದು ಹಣದ ದಾನಕ್ಕೆ ಮಾತ್ರ. ಮೊದಲ ಲಾರಿಯ ಸಾಮಾನಿಗೆ ಅದು ಬರುವುದೇ ಇಲ್ಲ. ನಗದಾದರೆ 2,000 ರೂಪಾಯಿ ಮೀರುವಂತಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ, ಬ್ಯಾಚಿನ ಅರ್ಧಕ್ಕರ್ಧ ಜನಕ್ಕೆ ಇದು ತಿಳಿಯುವುದು ರಿಟರ್ನ್ ತುಂಬುವ ದಿನ. ಮೊದಲೇ ಹೇಳಿಬಿಟ್ಟರೆ ಬೇಸರ ತಪ್ಪುತ್ತದೆ. ಹಣ ಪಡೆದ ಸಂಸ್ಥೆ ದಾನದ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕು. ಬರೀ ರಸೀದಿ ಸಾಲದು.

ಎರಡನೆಯದು, ಹಣ ಯಾರ ಖಾತೆಗೆ? ಹಳೆಯ ವಿದ್ಯಾರ್ಥಿ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು, ಆದರೆ ನೋಂದಣಿ ಆದ ಮಾತ್ರಕ್ಕೆ ತೆರಿಗೆ ರಿಯಾಯಿತಿಯ ಮಾನ್ಯತೆ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ. ಮೂರನೆಯದು ವಿದೇಶದ ಗೆಳೆಯರು. ದುಬೈನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದವರು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿದ್ದರೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಾದ ಎಫ್‌ಸಿಆರ್‌ಎ ಲೆಕ್ಕದಲ್ಲಿ ವಿದೇಶಿ ಮೂಲವೇ. ಸಂಸ್ಥೆಗೆ ಆ ನೋಂದಣಿ ಇಲ್ಲದಿದ್ದರೆ ಅವರ ಹಣ ಮುಟ್ಟಬಾರದು. ಈ ಪ್ರಕರಣದಲ್ಲಿ ಹಾಗೆ ಇಬ್ಬರ ಹಣವನ್ನು ಬೇಡವೆಂದು, ಬದಲಿಗೆ ಅವರಿಂದ ಆನ್‌ಲೈನ್ ತರಗತಿ ಪಡೆದದ್ದು ಸರಿಯಾದ ನಿರ್ಧಾರ.

ಕಾಲೇಜಿನೊಂದಿಗೆ ಒಂದೇ ಪುಟದ ಒಪ್ಪಂದ. ಸಾಮಾನು ಸ್ಟಾಕ್ ರಿಜಿಸ್ಟರಿಗೆ ಏರಬೇಕು. ತರಬೇತಿ ಇಬ್ಬರಿಗೆ, ಬೀಗದ ಕೈ ಇಬ್ಬರ ಹತ್ತಿರ. ನಿರ್ವಹಣೆಯ 50,000 ಪ್ರತಿ ವರ್ಷ ಬಿಡುಗಡೆಯಾಗುವುದು ಅವರ್ ಮೀಟರಿನ ಅಂಕಿ ನೋಡಿದ ಮೇಲೆ. ಕೊನೆಯ ಷರತ್ತಿಗೆ ಮೊದಲು ಮುಖ ಸಿಂಡರಿಸಿದವರುಂಟು, ಆದರೆ ಜಗಳ ತಪ್ಪಿಸಿದ್ದು ಅದೇ.

ಬೆಂಚಿನ ಮೇಲೆ ಆದ ತಪ್ಪುಗಳು

ಮೊದಲ ವಾರವೇ ಮೋಟರುಗಳು ಸಣ್ಣ ಭಾರಕ್ಕೂ ತಡವರಿಸಿದವು. ಡ್ರೈವ್ 50 ಹರ್ಟ್ಜ್ ತೋರಿಸುತ್ತಿದೆ, ಶಾಫ್ಟನ್ನು ಒಂದು ಬಟ್ಟೆ ಸುತ್ತಿದ ಮರದ ತುಂಡಿನಿಂದ ಒತ್ತಿದರೆ ನಿಂತೇಹೋಗುತ್ತದೆ. ಟರ್ಮಿನಲ್ ಬಾಕ್ಸಿನ ಮುಚ್ಚಳ ತೆಗೆದಾಗ ಕಾರಣ ಕಂಡಿತು. ಮೋಟರಿನ ಮೂರು ಸುರುಳಿಗಳ ಆರು ತುದಿಗಳು ಅಲ್ಲಿವೆ: ಮೇಲಿನ ಸಾಲು W2, U2, V2, ಕೆಳಗಿನ ಸಾಲು U1, V1, W1. ಮೇಲಿನ ಮೂರಕ್ಕೂ ಅಡ್ಡಲಾಗಿ ಹಿತ್ತಾಳೆ ಪಟ್ಟಿ ಬಿಗಿದಿತ್ತು, ಅಂದರೆ ಸುರುಳಿಗಳು ಒಂದು ಕಡೆ ಕೂಡುವ ಸ್ಟಾರ್ ಜೋಡಣೆ. ಮೋಟರಿನ ನಾಮಫಲಕದಲ್ಲಿ ಸ್ಟಾರಿಗೆ 415 ವೋಲ್ಟ್, ಡೆಲ್ಟಾಗೆ 240. ಸಿಂಗಲ್ ಫೇಸ್ ಡ್ರೈವ್ ಕೊಡಬಲ್ಲದ್ದು ಹೆಚ್ಚೆಂದರೆ 230. 415ಕ್ಕೆ 50 ಹರ್ಟ್ಜ್ ಆದರೆ 230ಕ್ಕೆ ಸುಮಾರು 28 ಹರ್ಟ್ಜ್, ಅದರಾಚೆಗೆ ವೋಲ್ಟೇಜ್ ಏರದೆ ಫ್ರೀಕ್ವೆನ್ಸಿ ಮಾತ್ರ ಏರುತ್ತದೆ, ಟಾರ್ಕ್ ಕುಸಿಯುತ್ತದೆ. ಅಡ್ಡಪಟ್ಟಿ ತೆಗೆದು U1ಗೆ W2, V1ಗೆ U2, W1ಗೆ V2 ಹೀಗೆ ಮೂರು ಪಟ್ಟಿಗಳನ್ನು ಲಂಬವಾಗಿ ಹಾಕಿದರೆ ಸುರುಳಿಗಳು ತ್ರಿಕೋನದಂತೆ ಕೂಡುತ್ತವೆ, ಅದು ಡೆಲ್ಟಾ. ಅಷ್ಟಕ್ಕೇ ನಿಲ್ಲಿಸಬಾರದು. ಸ್ಟಾರಿನಲ್ಲಿ 1.1 ಆಂಪಿಯರ್ ಎಳೆಯುವ ಮೋಟರು ಡೆಲ್ಟಾದಲ್ಲಿ 1.9 ಎಳೆಯುತ್ತದೆ. ಡ್ರೈವಿನ ಮೋಟರ್ ಕರೆಂಟ್ ಪ್ಯಾರಾಮೀಟರನ್ನೂ ಬದಲಿಸದಿದ್ದರೆ ಓವರ್‌ಲೋಡ್ ಟ್ರಿಪ್ ತಪ್ಪಿದ್ದಲ್ಲ. ಖರೀದಿ ಪತ್ರದಲ್ಲಿ 'ಆರು ತುದಿ ಹೊರಗಿರುವ ಮೋಟರು' ಎಂದು ಬರೆದದ್ದು ಇಲ್ಲಿ ಕೈಹಿಡಿಯಿತು. ಒಳಗೇ ಸ್ಟಾರ್ ಕಟ್ಟಿ ಮೂರೇ ತುದಿ ಹೊರಬಿಟ್ಟ ಮೋಟರು ಬಂದಿದ್ದರೆ ಆರನ್ನೂ ವಾಪಸ್ ಕಳಿಸಬೇಕಿತ್ತು.

ಎರಡನೇ ತೊಂದರೆ ಆರ್‌ಸಿಸಿಬಿ, ಅಂದರೆ ಅರ್ಥ್‌ಗೆ ಸೋರುವ ಕರೆಂಟ್ ಮಿತಿ ಮೀರಿದರೆ ಸಂಪರ್ಕ ಕಡಿಯುವ ಸ್ವಿಚ್ಚು. ಗುತ್ತಿಗೆದಾರ ಆರೂ ಬೆಂಚಿಗೆ ಸೇರಿ ಒಂದೇ 30 ಮಿಲಿಆಂಪಿಯರಿನದು ಹಾಕಿದ್ದ. ಮೂರು ಡ್ರೈವ್ ಓಡಿದರೆ ಸರಿ, ನಾಲ್ಕನೆಯದು ಆನ್ ಆದೊಡನೆ ಟ್ರಿಪ್. ಪ್ರತಿ ಡ್ರೈವಿನೊಳಗಿನ ಫಿಲ್ಟರ್ ಕೆಲವು ಮಿಲಿಆಂಪಿಯರನ್ನು ಅರ್ಥ್‌ಗೆ ಹರಿಸುತ್ತಲೇ ಇರುತ್ತದೆ, ಅವೆಲ್ಲ ಕೂಡಿದರೆ ಮಿತಿ ದಾಟುತ್ತದೆ. ಎಲೆಕ್ಟ್ರಿಷಿಯನ್ ಸೂಚಿಸಿದ ಪರಿಹಾರ ಅದನ್ನೇ ತೆಗೆದುಹಾಕುವುದು. ಹದಿನೆಂಟರ ಹುಡುಗರು ಬರಿಗೈಯಲ್ಲಿ ವೈರ್ ಮಾಡುವ ಕೋಣೆಯಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಬೆಂಚಿಗೊಂದು ಆರ್‌ಸಿಸಿಬಿ, ಡ್ರೈವಿನ ಕೈಪಿಡಿ ಹೇಳಿದ ಟೈಪಿನದೇ, ಹಾಕಿಸಿದ ಮೇಲೆ ಕಾಟ ನಿಂತಿತು.

ಗಾಳಿ ಸಿಲಿಂಡರಿನದ್ದು ಚಿಕ್ಕ ವಿಷಯ, ಮರೆಯಬಾರದ್ದು. 20 ಮಿಮೀ ಬೋರ್, 4 ಬಾರ್ ಒತ್ತಡಕ್ಕೆ ತಳ್ಳುವ ಬಲ ಸುಮಾರು 125 ನ್ಯೂಟನ್, ಹದಿಮೂರು ಕೇಜಿ ತೂಕದಷ್ಟು. ಬೆರಳು ಸಿಕ್ಕರೆ ನಗೆಯ ಮಾತಲ್ಲ. ರೆಗ್ಯುಲೇಟರನ್ನು 2 ಬಾರ್‌ಗೆ ಇಟ್ಟು ನಾಬಿಗೆ ಲಾಕ್ ಹಾಕಿದರು. ಕಲಿಯಲು ಅಷ್ಟು ಸಾಕು.

ನಿಜವಾದ ಕೊಡುಗೆ

ಬೆಂಚು ಯಾರಾದರೂ ಕೊಡಬಹುದು. ಆಕೆ ಕೊಟ್ಟದ್ದರಲ್ಲಿ ಬೇರೆಯವರಿಂದ ಸಿಗದಿದ್ದದ್ದು ಹನ್ನೆರಡು ದೋಷದ ಕಾರ್ಡುಗಳು. ಸೈಟುಗಳಲ್ಲಿ ಕಂಡ ಹನ್ನೆರಡು ತೊಂದರೆಗಳನ್ನು ಬೆಂಚಿನ ಮೇಲೆ ಮರುಸೃಷ್ಟಿಸುವ ಬಗೆ. ಇನ್‌ಸ್ಟ್ರಕ್ಟರ್ ತರಗತಿಗೆ ಮೊದಲು ಒಂದು ದೋಷ ಹಾಕಿಡುತ್ತಾರೆ, ತಂಡಕ್ಕೆ ಇಪ್ಪತ್ತು ನಿಮಿಷ. ನಿಯಮ ಒಂದೇ: ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮೂರು ಅಳತೆ ಬರೆಯಬೇಕು.

ಐದನೇ ಕಾರ್ಡು ನೋಡಿ. ಸೆನ್ಸರಿನ ಮುಂದೆ ಕಬ್ಬಿಣದ ತುಂಡು ಹಿಡಿದರೆ ಸೆನ್ಸರಿನ ಹಳದಿ ದೀಪ ಹೊತ್ತುತ್ತದೆ, ಪಿಎಲ್‌ಸಿಯ ಇನ್‌ಪುಟ್ ದೀಪ ಹೊತ್ತುವುದಿಲ್ಲ. ಹುಡುಗರು ಮೊದಲು ಪ್ರೋಗ್ರಾಮ್ ತಿದ್ದಲು ಓಡುತ್ತಾರೆ. ಇನ್‌ಪುಟ್ ದೀಪಕ್ಕೂ ಪ್ರೋಗ್ರಾಮಿಗೂ ಸಂಬಂಧವೇ ಇಲ್ಲ, ಅದು ಬರೀ ತಂತಿಯ ಮಾತು. ಕಂದು 24 ವೋಲ್ಟಿಗೆ, ನೀಲಿ 0ಗೆ, ಕಪ್ಪು ಇನ್‌ಪುಟ್‌ಗೆ, ಎಲ್ಲ ಸರಿಯಾಗಿಯೇ ಇದೆ. ತಪ್ಪಿರುವುದು ಸೆನ್ಸರ್ ಪಿಎನ್‌ಪಿ (ಹೊತ್ತಿದಾಗ ಕಪ್ಪು ತಂತಿಗೆ 24 ವೋಲ್ಟ್ ಕೊಡುವ ಬಗೆ) ಆಗಿದ್ದು, ಪಿಎಲ್‌ಸಿಯ ಇನ್‌ಪುಟ್‌ಗಳ ಕಾಮನ್ ಟರ್ಮಿನಲನ್ನು ಎನ್‌ಪಿಎನ್‌ಗೆ (ಕಪ್ಪು ತಂತಿಯನ್ನು 0ಗೆ ಎಳೆಯುವ ಬಗೆ) ಬೇಕಾದಂತೆ 24 ವೋಲ್ಟಿಗೆ ಕಟ್ಟಿರುವುದರಲ್ಲಿ. ಎರಡೂ ಕಡೆ 24 ಇದ್ದರೆ ಕರೆಂಟ್ ಹರಿಯುವುದೆಲ್ಲಿಗೆ? ಕಾಮನ್ನನ್ನು 0ಗೆ ಬದಲಿಸಿದರೆ ದೀಪ ಹೊತ್ತುತ್ತದೆ. ಕಪ್ಪು ತಂತಿ ಮತ್ತು ಕಾಮನ್ ನಡುವೆ ಮೀಟರ್ ಹಿಡಿದು, ತುಂಡು ಮುಂದೆ ಇದ್ದಾಗಲೂ 0 ವೋಲ್ಟ್ ಎಂದು ಬರೆದುಕೊಂಡ ತಂಡಕ್ಕೆ ಇದು ನಾಲ್ಕು ನಿಮಿಷದ ಕೆಲಸ. ಅಳತೆ ಮಾಡದ ತಂಡಕ್ಕೆ ಇಪ್ಪತ್ತೂ ಸಾಲದು.

ಇದಕ್ಕೆ ಹೋಲಿಸಿದರೆ ತಿಂಗಳಿಗೊಂದು ಶನಿವಾರ ನಡೆಸಿದ 'ಕರಿಯರ್ ಮಾರ್ಗದರ್ಶನ' ಕರೆ ನೆಲಕಚ್ಚಿತು. ಮೊದಲ ಸಲ ನೂರು ಜನ, ನಾಲ್ಕನೇ ಸಲ ಏಳು. ಕನ್ನಡ ಮಾಧ್ಯಮದಿಂದ ಬಂದ ಹುಡುಗರು ಇಂಗ್ಲಿಷಿನ ಸ್ಲೈಡು ನೋಡಿ ಮೈಕ್ ಮ್ಯೂಟ್ ಮಾಡಿ ಕೂರುತ್ತಿದ್ದರು. ಆಮೇಲೆ ಅದನ್ನು ಬಿಟ್ಟು, ತಂಡಗಳು ಕಾರ್ಡಿನ ಮೇಲೆ ಬರೆದ ಅಳತೆಗಳ ಫೋಟೋ ತರಿಸಿಕೊಂಡು, ಕನ್ನಡದಲ್ಲೇ 'ಈ ಅಂಕಿ ಇಲ್ಲಿ ಬರಲು ಸಾಧ್ಯವೇ?' ಎಂದು ಕೇಳತೊಡಗಿದ ಮೇಲೆ ಮಾತು ಶುರುವಾಯಿತು. ಇಂಟರ್‌ವ್ಯೂನಲ್ಲಿ ಹೇಳಲು ಅವರಿಗೆ ಒಂದು ವಿಷಯ ಸಿಕ್ಕಿತ್ತು.

ಮೀಟರ್ ಹೇಳಿದ್ದು

ಆರು ಬ್ಯಾಚು, ವಾರಕ್ಕೆ ಎರಡು ಗಂಟೆ, 13 ವಾರ: ಪ್ರತಿ ಬೆಂಚು ಸೆಮಿಸ್ಟರಿಗೆ 156 ಗಂಟೆ ಓಡಬೇಕು. ಮೊದಲ ಸೆಮಿಸ್ಟರಿನಲ್ಲಿ ತೋರಿಸಿದ್ದು 61. ಇಂಟರ್ನಲ್ ಪರೀಕ್ಷೆ, ಹಬ್ಬ, ಚುನಾವಣಾ ಕರ್ತವ್ಯ, ಕರೆಂಟು ಹೋದದ್ದು, ಎಲ್ಲವೂ ಸೇರಿ. ಆದರೆ ದೊಡ್ಡ ಕಾರಣ ಬೇರೆ: ಪಠ್ಯಕ್ರಮದಲ್ಲಿ ಇಲ್ಲದ 'ಹೆಚ್ಚುವರಿ' ಲ್ಯಾಬ್ ಆಗಿದ್ದರಿಂದ ಅಂಕವಿರಲಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದ ಎಬಿಲಿಟಿ ಎನ್‌ಹಾನ್ಸ್‌ಮೆಂಟ್ ಕೋರ್ಸಿನ ಜಾಗದಲ್ಲಿ ಇದನ್ನು ಕೂರಿಸಿದ ಮೇಲೆ ಮುಂದಿನ ಸೆಮಿಸ್ಟರಿನಲ್ಲಿ 118ಕ್ಕೆ ಏರಿತು. ಅಂಕವಿಲ್ಲದ ಕಡೆ ಹುಡುಗರು ಬರುವುದಿಲ್ಲ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಅಂಕವಿರುವ ಜಾಗ ಹುಡುಕಬೇಕು.

ಎರಡನೇ ವರ್ಷ ಮೊದಲ ಇನ್‌ಸ್ಟ್ರಕ್ಟರಿಗೆ ವರ್ಗಾವಣೆ ಆಯಿತು. ಲ್ಯಾಬು ಒಂದು ದಿನವೂ ನಿಲ್ಲಲಿಲ್ಲ, ಎರಡನೇ ಬೀಗದ ಕೈ ಇದ್ದದ್ದರಿಂದ. ನಿರ್ವಹಣೆಯ ಹಣದಲ್ಲಿ ಹೆಚ್ಚು ಹೋದದ್ದು ಪಿಎಲ್‌ಸಿಗಲ್ಲ, ಸವೆದ ಪುಷ್ ಬಟನ್, ಮುರಿದ ಟರ್ಮಿನಲ್, ತುಂಡಾದ ಸೆನ್ಸರ್ ಕೇಬಲ್ ಮತ್ತು ಮೀಟರ್ ಪ್ರೋಬುಗಳಿಗೆ.

ಮೂರನೇ ವರ್ಷ ಒಂದು ತಂಡ ಬೆಂಚು ಬಿಟ್ಟು ಮಂಡಕ್ಕಿ ಭಟ್ಟಿಗೆ ಹೋಯಿತು, ಮರಳಿನ ಉಷ್ಣತೆ ಅಳೆಯಲು. ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಕೂಡಿಸಿದ ಉಷ್ಣತೆಯ ಸೆನ್ಸರ್) ಇಳಿಸಿ, ತಂತಿ ಸಾಲದೆ ಮಾಮೂಲಿ ತಾಮ್ರದ ವೈರ್ ಸೇರಿಸಿ ದೂರದ ಪ್ಯಾನಲಿಗೆ ಎಳೆದಿದ್ದರು. ಕೈಯಲ್ಲಿ ಹಿಡಿದ ಇನ್ನೊಂದು ಮೀಟರಿಗಿಂತ ಪ್ಯಾನಲ್ 28 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಭಟ್ಟಿಯ ಪಕ್ಕದ ಜೋಡಣೆ 60 ಡಿಗ್ರಿಯಲ್ಲಿತ್ತು, ಪ್ಯಾನಲ್ 32ರಲ್ಲಿ. ಥರ್ಮೋಕಪಲ್ ಹೇಳುವುದು ತನ್ನ ಎರಡು ತುದಿಗಳ ಉಷ್ಣತೆಯ ವ್ಯತ್ಯಾಸವನ್ನಷ್ಟೇ, ಈಚೆ ತುದಿಯದನ್ನು ಉಪಕರಣ ಕೂಡಿಸಬೇಕು. ಉಪಕರಣ ಸೇರಿಸಿಕೊಳ್ಳುವುದು ತಾನಿರುವ ಜಾಗದ 32ನ್ನು, ಸೇರಿಸಬೇಕಿದ್ದದ್ದು ಜೋಡಣೆಯ 60ನ್ನು. ತಾಮ್ರ ತೆಗೆದು ಕೆ ಟೈಪಿನದೇ ಕಾಂಪನ್ಸೇಟಿಂಗ್ ಕೇಬಲ್ ಹಾಕಿದ ಮೇಲೆ ಎರಡೂ ಕೂಡಿದವು. ಆ ತಂಡ ಲ್ಯಾಬಿಗೆ ಮರಳಿ ಬರೆದುಕೊಟ್ಟ ಹಾಳೆ ಈಗ ಹದಿಮೂರನೇ ಕಾರ್ಡು.